ಲಕ್ವದ ನಂತರದ ಮಂಕು: ನಂಬಿಕೆ ಮತ್ತು ನಿಜ

ಲಕ್ವ ಹೊಡೆದವರನ್ನು ನೋಡಲು ಬಂದವರೆಲ್ಲ ಕೇಳುವುದು ಒಂದೇ: ‘ಕೈ ಎತ್ತುತ್ತಾರಾ? ನಡೆಯುತ್ತಾರಾ?’ ಮನಸ್ಸಿನ ವಿಚಾರ ಯಾರೂ ಎತ್ತುವುದಿಲ್ಲ. ಆದರೆ ಪಾರ್ಶ್ವವಾಯುವಿನಿಂದ ಬದುಕುಳಿದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ.

ತಪ್ಪು ಕಲ್ಪನೆ: ಇಷ್ಟು ದೊಡ್ಡ ಕಾಯಿಲೆ ಬಂದ ಮೇಲೆ ಬೇಜಾರು ಸಹಜ, ತಾನಾಗಿಯೇ ಹೋಗುತ್ತದೆ.

ಸತ್ಯ: ಮೊದಲ ದಿನಗಳ ದುಃಖ ಸಹಜವೇ. ಆದರೆ ಮಂಕು, ನಿರಾಸಕ್ತಿ, ನಿದ್ರೆಗೇಡು ಎರಡು ವಾರ ಮೀರಿದರೆ ಅದು ಚಿಕಿತ್ಸೆ ಬೇಡುವ ರೋಗವಿರಬಹುದು. ತಿಂಗಳುಗಳ ನಂತರವೂ ಅದು ತಲೆದೋರಬಹುದು. ಖಿನ್ನರಾದವರು ಫಿಸಿಯೋಥೆರಪಿಗೆ ಮೈಗೊಡುವುದಿಲ್ಲ. ಹಾಗಾಗಿ ಕೈಕಾಲಿನ ಚೇತರಿಕೆಯೂ ಹಿಂದೆ ಬೀಳುತ್ತದೆ.

ತಪ್ಪು ಕಲ್ಪನೆ: ಧೈರ್ಯ ಸಾಲದವರಿಗೆ ಮಾತ್ರ ಹೀಗಾಗುತ್ತದೆ.

ಸತ್ಯ: ರಕ್ತ ಸಿಗದೆ ಸತ್ತ ಮಿದುಳಿನ ಭಾಗದ ಜತೆ ಭಾವನೆಗಳನ್ನು ನಿಭಾಯಿಸುವ ನರಜಾಲವೂ ಕೆಡಬಹುದು. ದುಡಿಮೆ ನಿಂತ, ಸ್ನಾನಕ್ಕೂ ಇನ್ನೊಬ್ಬರ ಕೈ ಕಾಯುವ ಸಂಕಟ ಅದಕ್ಕೆ ಸೇರುತ್ತದೆ. ‘ಗಟ್ಟಿ ಮನಸ್ಸು ಮಾಡಿ’ ಎಂಬ ಉಪದೇಶ ಇಲ್ಲಿ ಸಾಲದು.

ತಪ್ಪು ಕಲ್ಪನೆ: ಮಾತುಮಾತಿಗೂ ಅಳುವವರೆಲ್ಲ ದುಃಖದಲ್ಲಿದ್ದಾರೆ.

ಸತ್ಯ: ಕೆಲವರಿಗೆ ಒಳಗೆ ದುಃಖವಿಲ್ಲದೆಯೇ ಅಳು ಉಕ್ಕುತ್ತದೆ; ಸಾವಿನ ಮನೆಯಲ್ಲಿ ನಗುವೂ ಬರಬಹುದು. ಅಳು, ನಗುವಿನ ಮೇಲೆ ಮಿದುಳಿನ ಹಿಡಿತ ತಪ್ಪಿದ ಲಕ್ಷಣವದು. ಖಿನ್ನತೆಗಿಂತ ಬೇರೆಯಾದ ಇದಕ್ಕೂ ಔಷಧವಿದೆ. ಗದರಿದರೆ ರೋಗಿಗೆ ನಾಚಿಕೆಯಷ್ಟೇ ಉಳಿಯುತ್ತದೆ.

ತಪ್ಪು ಕಲ್ಪನೆ: ಮಾತು ಬಿದ್ದುಹೋದವರ ಮನಸ್ಸು ತಿಳಿಯುವಂತಿಲ್ಲ.

ಸತ್ಯ: ಜತೆಗಿರುವವರು ಕಂಡದ್ದನ್ನು ಕೇಳಿ ತಿಳಿಯುವ ಪ್ರಶ್ನಾವಳಿಗಳು ವೈದ್ಯರಲ್ಲಿವೆ. ತಟ್ಟೆ ತಳ್ಳುವುದು, ಮೊಮ್ಮಕ್ಕಳು ಬಂದರೂ ಮುಖ ತಿರುಗಿಸುವುದು, ರಾತ್ರಿಯಿಡೀ ಎಚ್ಚರವಿರುವುದು: ಇವನ್ನು ಮನೆಯವರೇ ಹೇಳಬೇಕು.

ತಪ್ಪು ಕಲ್ಪನೆ: ಖಿನ್ನತೆಯ ಮಾತ್ರೆ ಎಲ್ಲರಿಗೂ ಮೊದಲೇ ಕೊಟ್ಟುಬಿಟ್ಟರೆ ಒಳ್ಳೆಯದು.

ಸತ್ಯ: ಬ್ರಿಟನ್ನಿನಲ್ಲಿ 3,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಪಡೆದವರಲ್ಲಿ ಖಿನ್ನತೆ ಕಡಿಮೆಯಾಯಿತು. ಆದರೆ ದೈಹಿಕ ಚೇತರಿಕೆ ಹೆಚ್ಚಲಿಲ್ಲ, ಮೂಳೆ ಮುರಿತ ಹೆಚ್ಚಾಯಿತು. ಹೀಗಾಗಿ ಮಾತ್ರೆ ಬೇಕಾದವರಿಗೆ ಮಾತ್ರ. ರಕ್ತ ತೆಳುವಾಗಿಸುವ ಔಷಧ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬಿಪಿ, ಶುಗರ್ ಜತೆ ಮನಸ್ಸಿನ ಮಾತನ್ನೂ ಎತ್ತಿ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಕಿವಿಗೆ ಬಿದ್ದರೆ ಆ ಭೇಟಿಯವರೆಗೆ ಕಾಯಬೇಡಿ. ಉಚಿತ ಸಹಾಯವಾಣಿ ಟೆಲಿ ಮಾನಸ್, 14416, ಹಗಲಿರುಳೂ ಕನ್ನಡದಲ್ಲೇ ಸಿಗುತ್ತದೆ.