ಪರಭಾಷೆಯ ಪಾಠಕ್ಕೆ ಮುನ್ನ ಮನಸ್ಸಿನ ಸಿದ್ಧತೆ

ಜಪಾನೀ ಸಂಸ್ಥೆಗಳೊಡನೆ ವ್ಯವಹರಿಸುವ ನಮ್ಮ ಸಣ್ಣ ಉದ್ದಿಮೆದಾರರಿಗೆ ಆ ಭಾಷೆಯ ಅಲ್ಪ ಪರಿಚಯವೂ ಬಂಡವಾಳವೇ ಸರಿ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು 1999ರಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಈ ಅಗತ್ಯವು ನಮ್ಮ ಬಾಗಿಲಿಗೇ ಬಂದಿದೆ. ಕೊಟೇಷನ್ ನೋಡಿದ ಗ್ರಾಹಕರು 'ಕೆಂತೋ ಶಿಮಾಸು' ಎಂದರೆ 'ಪರಿಶೀಲಿಸುತ್ತೇವೆ' ಎಂದರ್ಥ. ಅನೇಕ ವೇಳೆ ಅದು ನಯವಾದ ನಿರಾಕರಣೆ. ಅದನ್ನೇ ಸಮ್ಮತಿಯೆಂದು ಭಾವಿಸಿ ಕಚ್ಚಾ ಸಾಮಗ್ರಿ ಖರೀದಿಸಿದವರ ಹಣ ಗೋದಾಮಿನಲ್ಲಿಯೇ ಉಳಿಯುತ್ತದೆ.

ಆದರೆ ಕಲಿಯತೊಡಗಿದ ಅನೇಕರು ನಡುವೆಯೇ ಕೈಬಿಡುತ್ತಾರೆ. 'ವಯಸ್ಸಾಯಿತು, ನೆನಪು ನಿಲ್ಲದು' ಎಂಬುದು ಸಾಮಾನ್ಯವಾಗಿ ಕೇಳಿಬರುವ ಕಾರಣ. ನಿಜವಾದ ತೊಡಕು ಬಹುಮಟ್ಟಿಗೆ ಬೇರೆಯೇ: ಪುಸ್ತಕ ತೆರೆದಿರುತ್ತದೆ, ಮನಸ್ಸು ಮಾತ್ರ ಇನ್ನೂ ಗಲ್ಲಾಪೆಟ್ಟಿಗೆಯ ಬಳಿಯೇ ಇರುತ್ತದೆ. ಆದ್ದರಿಂದ ಪಾಠಕ್ಕೆ ಮುನ್ನ 10 ನಿಮಿಷಗಳನ್ನು ಮನಸ್ಸನ್ನು ಅಣಿಗೊಳಿಸಲೆಂದೇ ಮೀಸಲಿಡಬೇಕು.

ಮೊದಲನೆಯದಾಗಿ, ಬಾಕಿ ವಸೂಲಿ, ನಾಳೆಯ ಸರಬರಾಜು ಮುಂತಾದ ಚಿಂತೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೊಬೈಲನ್ನು ಬೇರೆ ಕೋಣೆಯಲ್ಲಿರಿಸಿ. ಬರೆದಿಟ್ಟ ವಿಷಯವನ್ನು ಮನಸ್ಸು ಪದೇ ಪದೇ ನೆನಪಿಸಬೇಕಾಗಿಲ್ಲ.

ಎರಡನೆಯದಾಗಿ, ಪುಸ್ತಕ ತೆರೆಯದೆಯೇ ಹಿಂದಿನ ದಿನದ ಪದಗಳನ್ನು ಜ್ಞಾಪಿಸಿಕೊಳ್ಳಿ. ಮರೆವು ಮೊದಲ ದಿನದಲ್ಲಿಯೇ ಅತಿ ತೀವ್ರವೆಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ನಡೆಸಿಕೊಂಡ ಪ್ರಯೋಗಗಳಿಂದ ತೋರಿಸಿದರು. ಆಗ ಅವರಿಗಿನ್ನೂ 40 ತುಂಬಿರಲಿಲ್ಲ. ಆದುದರಿಂದ ಮರೆತುದಕ್ಕೆ ವಯಸ್ಸನ್ನು ದೂರಬೇಕಾಗಿಲ್ಲ. ತಡವರಿಸಿ ನೆನಪಿಗೆ ತಂದುಕೊಂಡ ಪದವು ಹತ್ತು ಬಾರಿ ಓದಿದ ಪದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಮೂರನೆಯದಾಗಿ, ಆ ದಿನದ ಗುರಿಯನ್ನು ಕಿರಿದಾಗಿ ನಿಶ್ಚಯಿಸಿ. 'ಜುಮೆನ್' (ಡ್ರಾಯಿಂಗ್), 'ಮಿತ್ಸುಮೊರಿ' (ಕೊಟೇಷನ್), 'ನೋಕಿ' (ಸರಬರಾಜಿನ ಗಡುವು) - ಈ ಮೂರು ಪದಗಳನ್ನು ಬಳಸಲು ಕಲಿತರೂ ಒಂದು ದಿನಕ್ಕೆ ಸಾಕು.

ಕೊನೆಯದಾಗಿ, ಅಳುಕನ್ನು ಬದಿಗಿಡಿ. ಇಂಗ್ಲಿಷಿನ ಮೂಲಕ ಜಪಾನೀ ಕಲಿಯುವುದು ಸುತ್ತುಬಳಸಿನ ದಾರಿ. ಕನ್ನಡದಿಂದ ಹೊರಟರೆ ಹಾದಿ ಹತ್ತಿರ. 'ನಾನು ನಾಳೆ ಬೆಂಗಳೂರಿಗೆ ಹೋಗುತ್ತೇನೆ' ಎಂಬುದು 'ವತಾಶಿ ವ ಅಶಿತಾ ಬೆಂಗಳೂರು ನಿ ಇಕಿಮಾಸು' ಎಂದಾಗುತ್ತದೆ. ಪದಗಳ ಕ್ರಮ ಒಂದೇ, ಕ್ರಿಯಾಪದವು ಕೊನೆಯಲ್ಲಿ, ನಮ್ಮ 'ಗೆ' ಪ್ರತ್ಯಯದ ಸ್ಥಾನದಲ್ಲಿ ಅವರ 'ನಿ'. ಪಾಠಕ್ಕೆ ಮುನ್ನ ಇಂತಹ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿಕೊಂಡರೆ ನಾಲಿಗೆಯೂ ಧೈರ್ಯವೂ ಒಟ್ಟಿಗೇ ಸಡಿಲಗೊಳ್ಳುತ್ತವೆ.

ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ 2010ರಿಂದ ಐದು ಹಂತಗಳಿವೆ. ಆರಂಭಿಕರಿಗೆ 'ಎನ್-5' ತಕ್ಕ ಗುರಿ. ದಿನಕ್ಕೊಂದು ಗಂಟೆ ಬಿಡುವು ದೊರೆಯದ ವ್ಯಾಪಾರಿಯೂ ಅರ್ಧ ಗಂಟೆಯನ್ನು ಹೊಂದಿಸಿಕೊಳ್ಳಬಲ್ಲನು. ಆ ಅರ್ಧ ಗಂಟೆಯಲ್ಲಿ ಮೊದಲ 10 ನಿಮಿಷಗಳನ್ನು ಮನಸ್ಸಿಗೆ ಕೊಟ್ಟು ನೋಡಲಿ; ಉಳಿದ 20 ನಿಮಿಷಗಳ ಕಲಿಕೆ ವ್ಯರ್ಥವಾಗದು.