ಧಾನ್ಯಕ್ಕೆಂದು ಕಟ್ಟಿದ ಪೇಟೆಗೆ ಕಾಫಿ ಬಂತು

ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬದಲ್ಲಿ ಎಹಿಲ್ ಬೆರೆಂಡ ಎಂಬ ಹಳೆಯ ಧಾನ್ಯಪೇಟೆಯಿದೆ. ಟೆಫ್ ಎಂಬ ಕಿರುಧಾನ್ಯ, ಗೋಧಿ, ಮೆಕ್ಕೆಜೋಳದ ಲೋಡು ಬಂದಿಳಿಯುವ ಜಾಗ. 1990ರ ದಶಕದಲ್ಲಿ ಎಲೆನಿ ಗೆಬ್ರೆ ಮೆಧಿನ್ ಎಂಬ ಇಥಿಯೋಪಿಯಾದ ಹೆಣ್ಣುಮಗಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಿಎಚ್‌.ಡಿ.ಗೆ ಆರಿಸಿಕೊಂಡ ವಿಷಯ ತನ್ನ ದೇಶದ ಧಾನ್ಯ ವ್ಯಾಪಾರ. ಅದರಲ್ಲೂ ದಲ್ಲಾಳಿಗಳು.

ಆ ದಲ್ಲಾಳಿಗಳ ಕಸುಬು ಸಣ್ಣದಲ್ಲ. ದೂರದ ಊರಿನ ವ್ಯಾಪಾರಿ ಕೊಳ್ಳುವವನ ಮುಖವನ್ನೂ ನೋಡದೆ ಲಾರಿ ಕಳಿಸುತ್ತಿದ್ದ. ಕಾಳಿಗೆ ಎಲ್ಲರೂ ಒಪ್ಪುವ ದರ್ಜೆ ಇರಲಿಲ್ಲ. ಮಾತಿಗೆ ತಪ್ಪಿದವನ ಮೇಲೆ ಕೋರ್ಟಿಗೆ ಹೋಗಿ ಹಣ ವಸೂಲು ಮಾಡುವ ಭರವಸೆಯೂ ಇರಲಿಲ್ಲ. ದಲ್ಲಾಳಿ ಕಣ್ಣಳತೆಯಲ್ಲೇ ಗುಣ ಹೇಳಬೇಕು, ಕುದುರಿಸಬೇಕು, ಇಬ್ಬರ ಪರವಾಗಿಯೂ ಮಾತು ಉಳಿಸಿಕೊಳ್ಳಬೇಕು. ಅವನನ್ನು ಸುಲಿಗೆಕೋರನೆಂದು ಬೈಯುವುದು ನಮ್ಮಲ್ಲೂ ರೂಢಿ. ಆದರೂ ಪರಸ್ಪರ ಗುರುತಿಲ್ಲದವರು ವ್ಯಾಪಾರ ಮಾಡಲು ಅವನಿಂದ ಎಷ್ಟು ಅನುಕೂಲ ಎಂಬುದನ್ನು ಎಲೆನಿ ಲೆಕ್ಕ ಹಾಕಿ ತೋರಿಸಿದರು. ಈ ಸಂಶೋಧನೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದೇ. ಆದರೆ ದಲ್ಲಾಳಿಯ ಪರಿಚಯದ ಬಳಗ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಮಾರುಕಟ್ಟೆಯೂ ಮುಗಿಯುತ್ತಿತ್ತು.

ಮಾರುಕಟ್ಟೆ ಹೀಗೆ ಮೊಟಕಾಗುವುದಕ್ಕೂ ಹಸಿವಿಗೂ ನೇರ ನಂಟಿದೆ. 1973ರಲ್ಲಿ ವೊಲ್ಲೊ ಪ್ರಾಂತ್ಯಕ್ಕೆ ಬಡಿದ ಕ್ಷಾಮದಲ್ಲಿ ದೇಶದ ಒಟ್ಟು ಆಹಾರ ಅಷ್ಟೇನೂ ಕುಸಿದಿರಲಿಲ್ಲ, ಜನರಿಗೆ ಕೊಳ್ಳುವ ತ್ರಾಣವಿರಲಿಲ್ಲ, ವೊಲ್ಲೊದಿಂದ ಧಾನ್ಯ ಹೊರಗೂ ಹೋಗಿತ್ತು ಎಂದು ನಮ್ಮ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿದ್ದರು. ಮುಂದೆ ಅಧಿಕಾರಕ್ಕೆ ಬಂದ ಮಿಲಿಟರಿ ಸರ್ಕಾರ ರೈತರಿಂದ ಕಡಿಮೆ ಬೆಲೆಗೆ ಲೆವಿ ಎತ್ತಿತು. ಆ ಕಟ್ಟುಪಾಡು ಸಡಿಲಾದದ್ದು 1990ರಲ್ಲಿ. ಸಡಿಲಾದ ಮೇಲೂ 2002ರಲ್ಲಿ ಬಂಪರ್ ಬೆಳೆಯ ಬೆನ್ನಿಗೆ ಮೆಕ್ಕೆಜೋಳದ ಬೆಲೆ ನೆಲಕಚ್ಚಿತು. ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ತೆನೆಯನ್ನು ಹೊಲದಲ್ಲೇ ಬಿಟ್ಟರು. ಅದರ ಬೆನ್ನಿಗೇ ಬಂದ ಬರದಿಂದ ಮರುವರ್ಷ ಒಂದು ಕೋಟಿಗೂ ಹೆಚ್ಚು ಜನ ನೆರವಿನ ಅನ್ನಕ್ಕೆ ಕೈಚಾಚಬೇಕಾಯಿತು.

ಈ ನೋವಿನಿಂದಲೇ 2008ರ ಏಪ್ರಿಲ್‌ನಲ್ಲಿ ಇಥಿಯೋಪಿಯಾ ಸರಕು ವಿನಿಮಯ ಕೇಂದ್ರ ಶುರುವಾಯಿತು; ಎಲೆನಿಯವರೇ ಅದರ ಮುಖ್ಯಸ್ಥೆಯಾದರು. ಮಾಲು ಕೇಂದ್ರದ ಗೋದಾಮಿಗೆ ಬರುತ್ತಿತ್ತು, ತೂಕವಾಗುತ್ತಿತ್ತು, ದರ್ಜೆ ಬೀಳುತ್ತಿತ್ತು, ಇಟ್ಟವರಿಗೆ ರಸೀದಿ ಸಿಗುತ್ತಿತ್ತು. ಆಡಿಸ್‌ನ ಸಭಾಂಗಣದಲ್ಲಿ ಆ ರಸೀದಿಯ ಮೇಲೆ ಕೂಗಿ ವ್ಯಾಪಾರ ನಡೆಯುತ್ತಿತ್ತು. ಅಂಗೈಗೆ ಅಂಗೈ ತಟ್ಟಿದರೆ ವ್ಯವಹಾರ ಮುಗಿಯುತ್ತಿತ್ತು. ಮರುದಿನವೇ ಹಣ ಬ್ಯಾಂಕಿಗೆ ಬರುತ್ತಿತ್ತು. ಹಳ್ಳಿಪೇಟೆಗಳಲ್ಲಿ ವಿದ್ಯುನ್ಮಾನ ಫಲಕಗಳು ಆ ಬೆಲೆಯನ್ನು ತೋರಿಸಿದವು, ಫೋನಿನಲ್ಲೂ ದರ ಕೇಳಬಹುದಾಯಿತು. ಸಣ್ಣ ರೈತನಿಗೆ ರಾಜಧಾನಿಯ ದರ ಗೊತ್ತಾಗುವುದು ಸಣ್ಣ ವಿಷಯವಲ್ಲ.

ಆದರೆ ಧಾನ್ಯ ಹೆಚ್ಚು ಬರಲಿಲ್ಲ. ಬೆಲೆ ಕಡಿಮೆಯ, ಊರ ಪಕ್ಕದಲ್ಲೇ ಮಾರಾಟವಾಗುವ ಮೆಕ್ಕೆಜೋಳವನ್ನು ಗೋದಾಮಿಗೆ ಸಾಗಿಸಿ ದರ್ಜೆ ಹಾಕಿಸುವ ಖರ್ಚು ಬಹುತೇಕರಿಗೆ ಗಿಟ್ಟಲಿಲ್ಲ. ಅದೇ ವರ್ಷ ಸರ್ಕಾರ ಕಾಫಿ ವ್ಯಾಪಾರದ ಬಹುಭಾಗವನ್ನು ಕೇಂದ್ರದ ಮೂಲಕವೇ ನಡೆಸಬೇಕೆಂದು ಕಡ್ಡಾಯ ಮಾಡಿತು, ಮುಂದೆ ಎಳ್ಳೂ ಬಂತು. ಕೇಂದ್ರ ಉಳಿದದ್ದು ಈ ರಫ್ತಿನ ಬೆಳೆಗಳಿಂದ. ದರ್ಜೆಯ ರಾಶಿಯಲ್ಲಿ ಯಾವ ತೋಟದ ಬೀಜ ಎಂಬ ಗುರುತು ಅಳಿಸಿತೆಂದು ವಿದೇಶಿ ಕಾಫಿ ಕೊಳ್ಳುವವರು ಗೊಣಗಿದರು. 2012ರಲ್ಲಿ ಎಲೆನಿ ಹುದ್ದೆ ಬಿಟ್ಟರು. 2015ರಲ್ಲಿ ಕಂಪ್ಯೂಟರ್ ವಹಿವಾಟು ಬಂದು, ಅಂಗೈ ತಟ್ಟುವ ಆ ಸೊಗಸೂ ಮರೆಗೆ ಸರಿಯತೊಡಗಿತು.

ಮೆಕ್ಕೆಜೋಳದ ರೈತನಿಗೆ ಮೊದಲು ಬೇಕಿದ್ದದ್ದು ಊರ ಹತ್ತಿರದ ಗೋದಾಮು, ಸುಗ್ಗಿಯಲ್ಲಿ ಅಗ್ಗಕ್ಕೆ ಮಾರದಂತೆ ಕಾಳಿನ ಮೇಲೆ ಸಿಗುವ ಸಾಲ. ಬೆಲೆಯ ಫಲಕ ಅವುಗಳ ನಂತರ ಬರಬೇಕಿತ್ತು.