ದಾರಿ ಕೇಳದ ದಾಖಲೆ

ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸರ್ವೆ ನಂಬರ್ ಹೇಳಿದರೆ ಪಹಣಿ ಕೈಗೆ ಬರುತ್ತದೆ. ಅದು ಯಾವ ಡಿಸ್ಕಿನ ಯಾವ ಮೂಲೆಯಲ್ಲಿತ್ತೆಂದು ರೈತ ಕೇಳುವುದಿಲ್ಲ. ಕಂಪ್ಯೂಟರ್ ಮುಂದೆ ಕೂತವರಿಗೂ ಗೊತ್ತಿರಬೇಕಿಲ್ಲ. ಈ ಸಲೀಸು ಒಬ್ಬ ಗಣಿತಜ್ಞನ ಹಟದಿಂದ ಹುಟ್ಟಿದ್ದು.

1960ರ ದಶಕದಲ್ಲಿ ಪ್ರೋಗ್ರಾಮ್ ಬರೆಯುವವರಿಗೆ ಮಾಹಿತಿಯ ಜೊತೆಗೆ ಅದರ ದಾರಿಯೂ ಗೊತ್ತಿರಬೇಕಿತ್ತು. ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕಕ್ಕೆಂದು ರೂಪುಗೊಂಡ ಐಬಿಎಂನ ಐಎಂಎಸ್ ಎಂಬ ಡೇಟಾಬೇಸಿನಲ್ಲಿ ದಾಖಲೆಗಳು ಮರದಂತೆ ಕವಲೊಡೆದಿದ್ದವು. ಬುಡದಿಂದ ಹೊರಟು, ಕೊಂಬೆ ಹಿಡಿದೇ ಎಲೆ ಮುಟ್ಟಬೇಕು. ಜೋಡಣೆ ಬದಲಾದರೆ ಪ್ರೋಗ್ರಾಮನ್ನೂ ತಿದ್ದಬೇಕು.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದ ಗಣಿತಜ್ಞ ಎಡ್ಗರ್ ಕಾಡ್ ಆಗ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದರು. 1970ರ ಜೂನ್‌ನಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಇಷ್ಟೇ: ಮಾಹಿತಿ ಕೋಷ್ಟಕಗಳಲ್ಲಿರಲಿ, ಏನು ಬೇಕೆಂದು ನಾವು ಹೇಳೋಣ, ಹುಡುಕುವ ದಾರಿ ಯಂತ್ರಕ್ಕಿರಲಿ. ಕಾಡ್ ಅವರ ಗಣಿತ ಎಲ್ಲರಿಗೂ ಸುಲಭವಾಗಿರಲಿಲ್ಲ. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದನ್ನು ದಿನಬಳಕೆಯ ಪದಗಳಿಗೆ ಇಳಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ತಮ್ಮ ಭಾಷೆ ಲೋಕ ಸುತ್ತುವುದನ್ನು ಬಾಯ್ಸ್ ನೋಡಲಿಲ್ಲ. ಅದೇ ವರ್ಷ, ಮೂವತ್ತು ತುಂಬುವ ಮೊದಲೇ ತೀರಿಕೊಂಡರು.

ಭಾಷೆ ಒಂದಾದರೂ ಪ್ರತಿ ಡೇಟಾಬೇಸಿನ ಬಾಗಿಲು ಬೇರೆಯಾಗಿತ್ತು. 1992ರ ಓಡಿಬಿಸಿ, 1997ರಲ್ಲಿ ಜಾವಾ ಭಾಷೆಗೆ ಸೇರಿದ ಜೆಡಿಬಿಸಿ ಎಂಬ ಸಂಪರ್ಕ ಮಾನದಂಡಗಳು ಒಂದೇ ಬಗೆಯ ಚಿಲಕ ಕೊಟ್ಟವು. ವಿಳಾಸ, ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಂಪರ್ಕ. ಆಮೇಲೆ ಹೊಸ ದಾಖಲೆ ಸೇರಿಸಲು ‘ಇನ್ಸರ್ಟ್ ಇಂಟು’ ಎಂದು ಬರೆದು, ರೈತರ ಹೆಸರು ಬರಬೇಕಾದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತೇವೆ. ಈ ಪುಟ್ಟ ಚಿಹ್ನೆಯೇ ಕಾವಲುಗಾರ. ಹೆಸರನ್ನು ಆಜ್ಞೆಯೊಳಗೇ ಪೋಣಿಸಿದರೆ, ಹೆಸರಿನ ಜಾಗದಲ್ಲಿ ಯಾರೋ ತುಂಬಿದ ಅಳಿಸುವ ಆಜ್ಞೆಯೂ ನಡೆದುಬಿಡಬಹುದು. ಚಿಹ್ನೆಯಿದ್ದರೆ ಆಜ್ಞೆ ಮೊದಲೇ ನಿಗದಿಯಾಗುತ್ತದೆ. ಬಂದದ್ದೇನಿದ್ದರೂ ಬರೀ ಹೆಸರು.

ಕೊನೆಯದು ‘ಕಮಿಟ್’, ಬದಲಾವಣೆಗಳನ್ನು ಒಟ್ಟಿಗೆ ಖಾಯಂ ಮಾಡುವ ಆಜ್ಞೆ. ತಂದೆಯ ಖಾತೆಯಿಂದ ಇಳಿದ ಎರಡು ಎಕರೆ ಮಗಳ ಖಾತೆಗೆ ಏರಬೇಕು. ನಡುವೆ ಕರೆಂಟ್ ಹೋದರೆ ಭೂಮಿ ಇಬ್ಬರದೂ ಅಲ್ಲವಾಗಬಾರದು. ಎರಡೂ ಬದಲಾವಣೆ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದಕ್ಕೆ ಗಟ್ಟಿ ತಳಹದಿ ಹಾಕಿದವರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಪ್ರಮುಖರು.

2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿನ ಒಂದೊಂದು ಸಾಲೂ ಒಂದು ಮನೆಯ ಅನ್ನ. ಕೋಡ್ ಬರೆಯುವವರು ಆ ಪ್ರಶ್ನಾರ್ಥಕ ಚಿಹ್ನೆಯನ್ನೂ ಕಮಿಟ್ಟನ್ನೂ ಮರೆಯಬಾರದ್ದು ಅದಕ್ಕೇ.